ಸ್ಪ್ರಿಂಗ್‌ಬ್ಯಾಂಕ್ ಭಟ್ಟಿಮನೆ: ಒಂದು ಮನೆತನದ ಕಸುಬು ಮತ್ತು ಅದರ ಮೌಲ್ಯಗಳು

ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ, ಆರ್ಗೈಲ್ ಪ್ರಾಂತ್ಯಕ್ಕೆ ಸೇರಿದ ಕಿಂಟೈರ್ ಎಂಬ ನೀಳವಾದ ಪರ್ಯಾಯದ್ವೀಪದ ತೆಂಕಣ ಭಾಗದಲ್ಲಿ ಕ್ಯಾಂಪ್‌ಬೆಲ್‌ಟೌನ್ ಎಂಬ ಚಿಕ್ಕ ರೇವುಪಟ್ಟಣವಿದೆ. ಬ್ರಿಟಿಷ್ ದ್ವೀಪಗಳ ವಿಸ್ಕಿ ಭಟ್ಟಿಮನೆಗಳನ್ನು ಒಂದೊಂದಾಗಿ ಸುತ್ತಿ ನೋಡಿ ಆಲ್‌ಫ್ರೆಡ್ ಬರ್ನಾರ್ಡ್ ಎಂಬ ಲೇಖಕನು ೧೮೮೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಒಂದೇ ಊರಿನ ೨೧ ಭಟ್ಟಿಮನೆಗಳ ವರ್ಣನೆಯಿದೆ. ೧೯೩೪ನೆಯ ಇಸವಿ ಕಳೆಯುವ ಹೊತ್ತಿಗೆ ಅವುಗಳಲ್ಲಿ ಉಳಿದುಕೊಂಡವು ಎರಡೇ ಎರಡು: ಗ್ಲೆನ್ ಸ್ಕೋಷಿಯ ಮತ್ತು ಸ್ಪ್ರಿಂಗ್‌ಬ್ಯಾಂಕ್. ಮೊದಲನೆಯದು ಅನೇಕ ಒಡೆಯರ ಕೈ ಬದಲಾಯಿಸಿತು. ಎರಡನೆಯದು ೧೮೩೭ರಿಂದ ಈಚೆಗೆ ಮಿಚೆಲ್ ಎಂಬ ಒಂದೇ ಮನೆತನದ ವಶದಲ್ಲಿ ನಡೆದುಬಂದಿತು. ಹತ್ತೊಂಬತ್ತು ನೆರೆಮನೆಗಳು ಆರಿಹೋದ ಬೀದಿಯಲ್ಲಿ ಒಂದು ಮನೆಯ ಒಲೆ ಏಕೆ ಆರಲಿಲ್ಲ ಎಂಬುದು ಕೈಗಾರಿಕಾ ಚರಿತ್ರೆಯ ವಿದ್ಯಾರ್ಥಿಗೆ ಸಹಜವಾಗಿ ಹೊಳೆಯತಕ್ಕ ಪ್ರಶ್ನೆ. ಈ ಲೇಖನದಲ್ಲಿ ನಾವು ಅದನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಈ ಪ್ರಶ್ನೆಗೆ ಸಿದ್ಧವಾದ ಒಂದು ಉತ್ತರವಿದೆ. ಆ ಮನೆತನದವರು ಹಿರಿಯರ ಪದ್ಧತಿಯನ್ನು ಬಿಡಲಿಲ್ಲ, ಲಾಭಕ್ಕಾಗಿ ಗುಣವನ್ನು ಮಾರಲಿಲ್ಲ, ಆದುದರಿಂದ ಉಳಿದರು ಎಂಬುದೇ ಆ ಉತ್ತರ. ವ್ಯಾಪಾರದ ಪ್ರಕಟನೆಗಳೂ ಪಾನರಸಿಕರ ಬರೆಹಗಳೂ ಇದನ್ನೇ ಮತ್ತೆ ಮತ್ತೆ ಹೇಳುತ್ತವೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಇತಿಹಾಸವಾಗಿ ಇದು ಸಾಲದು. ಸೀಸೆಯ ಮೇಲಿನ ಚೀಟಿಯೂ ಒಂದು ಬಗೆಯ ಶಾಸನವೇ. ರಾಜರ ಪ್ರಶಸ್ತಿಶಾಸನಗಳನ್ನು ಓದುವಾಗ ನಾವು ಯಾವ ಎಚ್ಚರವನ್ನು ಇಟ್ಟುಕೊಳ್ಳುತ್ತೇವೆಯೋ ಅದೇ ಎಚ್ಚರ ಇಲ್ಲಿಯೂ ಬೇಕು.

ಮದ್ಯದ ವಿಷಯವನ್ನು ವಿದ್ಯಾಪೀಠದ ಪತ್ರಿಕೆಯಲ್ಲಿ ಎತ್ತಿಕೊಂಡುದು ಕೆಲವು ವಾಚಕರಿಗೆ ಅನುಚಿತವೆಂದು ತೋರಬಹುದು. ಪಾನನಿರೋಧವನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಸೇರಿಸಿಕೊಂಡ ಸಂವಿಧಾನದ ೪೭ನೆಯ ವಿಧಿಯನ್ನು ನಾವು ಮರೆತಿಲ್ಲ. ಕುಡಿತ ಕೆಡಿಸಿದ ಮನೆಗಳು ನಮ್ಮ ಯಾವ ಊರಿನಲ್ಲಿಯೂ ಅಪರೂಪವಲ್ಲ. ಇಲ್ಲಿ ನಮ್ಮ ಗಮನವಿರುವುದು ಪಾನದ ಮೇಲಲ್ಲ, ಕಸುಬಿನ ಮೇಲೆ. ಒಂದು ಕೈಕಸುಬು ಯಂತ್ರಯುಗದಲ್ಲಿ ಯಾವ ಬೆಲೆ ತೆತ್ತು ಉಳಿಯುತ್ತದೆ ಎಂಬ ಪ್ರಶ್ನೆ ಮಗ್ಗದ ನೇಕಾರನಿಗೂ ಗಾಣದ ಒಡೆಯನಿಗೂ ಸಂಬಂಧಿಸಿದ್ದೇ ಆಗಿದೆ.

ಕಿಂಟೈರ್ ಪ್ರದೇಶದ ಭೂಗೋಳವನ್ನು ಮೊದಲು ತಿಳಿಯಬೇಕು. ಭಟ್ಟಿಗೆ ಬೇಕಾದುದು ಬಾರ್ಲಿ, ನೀರು, ಉರುವಲು ಮತ್ತು ಮಾರುಕಟ್ಟೆ. ಬಾರ್ಲಿ ಸುತ್ತಲಿನ ಹೊಲಗಳಲ್ಲಿ ಬೆಳೆಯುತ್ತಿತ್ತು. ಊರ ಮೇಲಣ ಕ್ರಾಸ್‌ಹಿಲ್ ಕೆರೆಯ ನೀರು ದೊರೆಯುತ್ತಿತ್ತು. ಪೀಟ್ ಎಂಬುದು ಜೌಗುನೆಲದಲ್ಲಿ ಸಹಸ್ರಾರು ವರ್ಷ ಕೊಳೆತು ಒತ್ತಿಕೊಂಡ ಸಸ್ಯರಾಶಿ. ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿದರೆ ಹೊಗೆಯಾಡುತ್ತ ಉರಿಯುತ್ತದೆ. ಅದಕ್ಕೂ ಕೊರತೆಯಿರಲಿಲ್ಲ. ಇದರ ಮೇಲೆ, ಊರಿಗೆ ಕೆಲವೇ ಮೈಲಿ ದೂರದ ಡ್ರಮ್‌ಲೆಂಬಲ್‌ನಲ್ಲಿ ಕಲ್ಲಿದ್ದಲ ಗಣಿಯಿದ್ದಿತು. ಅಲ್ಲಿಂದ ಇದ್ದಲು ತರುವುದಕ್ಕಾಗಿ ಹದಿನೆಂಟನೆಯ ಶತಮಾನದ ಕೊನೆಗೆ ಒಂದು ಕಾಲುವೆಯನ್ನೇ ತೋಡಿದ್ದರು. ೧೮೭೭ರಲ್ಲಿ ಅದರ ಬದಲು ಕಿರುಗಾತ್ರದ ರೈಲುದಾರಿ ಬಂದಿತು. ಮಾರುಕಟ್ಟೆಯೆಂದರೆ ಗ್ಲಾಸ್ಗೋ. ನೆಲದ ಮಾರ್ಗವಾಗಿ ಅದು ಬಹು ದೂರ. ಸಮುದ್ರಮಾರ್ಗವಾಗಿ, ಕ್ಲೈಡ್ ನದೀಮುಖದೊಳಗಿಂದ, ಹಡಗಿಗೆ ಅದು ನೆರೆಯೂರಿನಂತೆಯೇ ಇದ್ದಿತು. ಈ ಅನುಕೂಲಗಳಲ್ಲಿ ಯಾವುದೂ ಮಿಚೆಲ್ಲರ ಸೊತ್ತಾಗಿರಲಿಲ್ಲ, ಊರಿಗೆಲ್ಲ ಸಮಾನವಾಗಿದ್ದುವು ಎಂಬುದನ್ನು ನೆನಪಿಡಬೇಕು.

ಈ ಕಸುಬಿನ ಮೂಲವು ಕಳ್ಳಭಟ್ಟಿಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸರ್ಕಾರದ ಅಬಕಾರಿ ಕಾನೂನುಗಳು ದೊಡ್ಡ ಬಂಡವಾಳಗಾರರಿಗೆ ಹೊಂದುವಂತಿದ್ದುವು. ೧೮೧೪ರ ಕಾನೂನು ಹೈಲೆಂಡ್ಸ್ ಸೀಮೆಯಲ್ಲಿ ೫೦೦ ಗ್ಯಾಲನ್‌ಗಿಂತ ಚಿಕ್ಕ ಹಂಡೆಗಳನ್ನೇ ನಿಷೇಧಿಸಿತು. ಗುಡ್ಡಗಾಡಿನ ರೈತನು ಅಂಥ ಹಂಡೆಯನ್ನು ತುಂಬುವಷ್ಟು ಧಾನ್ಯವನ್ನು ಕಂಡವನೇ ಅಲ್ಲ. ಪರಿಣಾಮವಾಗಿ ಕಸುಬು ನಿಲ್ಲಲಿಲ್ಲ, ಅಡಗಿಕೊಂಡಿತು. ಇದಕ್ಕೆ ಕ್ಯಾಂಪ್‌ಬೆಲ್‌ಟೌನಿನಲ್ಲಿ ಅತ್ಯಂತ ಸ್ವಾರಸ್ಯವಾದ ಲಿಖಿತ ಆಧಾರವೊಂದು ಉಳಿದಿದೆ. ರಾಬರ್ಟ್ ಆರ್ಮರ್ ಎಂಬ ತಾಮ್ರಕೆಲಸದವನು ಹೊರನೋಟಕ್ಕೆ ಕೊಳಾಯಿ ಕೆಲಸದ ಅಂಗಡಿಯಿಟ್ಟು, ಒಳಗೆ ಕಳ್ಳಭಟ್ಟಿಯ ಹಂಡೆಗಳನ್ನೂ ತಲೆಗಳನ್ನೂ ಸುರುಳಿಕೊಳವೆಗಳನ್ನೂ ಮಾಡಿ ಮಾರುತ್ತಿದ್ದನು. ೧೮೧೧ರಿಂದ ೧೮೧೭ರ ವರೆಗಿನ ಅವನ ಲೆಕ್ಕದ ಪುಸ್ತಕಗಳು ದೊರೆತಿವೆ. ಆರು ವರ್ಷಗಳಲ್ಲಿ ನೂರಾರು ಹಂಡೆಗಳ ವ್ಯಾಪಾರ ಅದರಲ್ಲಿ ದಾಖಲಾಗಿದೆ. ಕೊಂಡವರಲ್ಲಿ ಹೆಂಗಸರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಇಬ್ಬರು ಮೂವರು ಸೇರಿ ಪಾಲಿನಲ್ಲಿ ಒಂದು ಹಂಡೆಯನ್ನು ಕೊಂಡ ಉದಾಹರಣೆಗಳೂ ಉಂಟು. ಕಾನೂನನ್ನು ಮೀರುವ ಕೆಲಸಕ್ಕೂ ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಬರೆದಿಟ್ಟ ಆ ಮನುಷ್ಯನಿಗೆ ಇತಿಹಾಸಕಾರರು ಋಣಿಗಳಾಗಿರಬೇಕು. ಕಳ್ಳಭಟ್ಟಿಯು ಕೆಲವು ಪುಂಡರ ಸಾಹಸವಾಗಿರದೆ ಇಡೀ ಸಮಾಜದ ಉಪಜೀವನವಾಗಿತ್ತು ಎಂಬುದು ಈ ಪುಸ್ತಕಗಳಿಂದ ನಿರ್ವಿವಾದವಾಗಿ ಸಿದ್ಧವಾಗುತ್ತದೆ.

೧೮೨೩ರ ಅಬಕಾರಿ ಕಾನೂನು ಪರಿಸ್ಥಿತಿಯನ್ನು ಬದಲಾಯಿಸಿತು. ವರ್ಷಕ್ಕೆ ೧೦ ಪೌಂಡು ಕೊಟ್ಟು ಪರವಾನಗಿ ಪಡೆದು, ಇಳಿಸಲ್ಪಟ್ಟ ದರದಲ್ಲಿ ಸುಂಕ ತೆತ್ತು ಯಾರು ಬೇಕಾದರೂ ಭಟ್ಟಿ ಇಳಿಸಬಹುದಾಯಿತು. ಅಡಗಿದ್ದ ಕಸುಬು ಬೀದಿಗೆ ಬಂದಿತು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಕ್ಯಾಂಪ್‌ಬೆಲ್‌ಟೌನಿನಲ್ಲಿ ಒಂದಾದ ಮೇಲೊಂದು ಭಟ್ಟಿಮನೆ ಎದ್ದಿತು.

ಮಿಚೆಲ್ ಮನೆತನದವರು ತಗ್ಗುನಾಡಿನಿಂದ ಬಂದು ಕಿಂಟೈರಿನಲ್ಲಿ ನೆಲಸಿದವರು, ಧಾನ್ಯವನ್ನು ಮೊಳಕೆ ಕಟ್ಟಿಸುವ ಕಸುಬಿನವರು. ಅವರಲ್ಲಿ ಆರ್ಚಿಬಾಲ್ಡ್ ಮಿಚೆಲ್ ಎಂಬಾತನು ಪರವಾನಗಿಯಿಲ್ಲದೆ ಭಟ್ಟಿ ನಡೆಸುತ್ತಿದ್ದ ಸ್ಥಳದಲ್ಲಿಯೇ ೧೮೨೮ರಲ್ಲಿ ಸ್ಪ್ರಿಂಗ್‌ಬ್ಯಾಂಕ್ ಸ್ಥಾಪಿತವಾಯಿತು. ಆದರೆ ಪರವಾನಗಿ ಪಡೆದು ಅದನ್ನು ಕಟ್ಟಿದವರು ಮಿಚೆಲ್ಲರಲ್ಲ, ಅವರ ಬೀಗರಾದ ರೀಡ್ ಎಂಬವರು. ರೀಡರು ಹಣದ ಮುಗ್ಗಟ್ಟಿಗೆ ಸಿಕ್ಕಿದಾಗ ೧೮೩೭ರಲ್ಲಿ ಆರ್ಚಿಬಾಲ್ಡನ ಮಕ್ಕಳಾದ ಜಾನ್ ಮತ್ತು ವಿಲಿಯಂ ಇದನ್ನು ಕೊಂಡರು. ಮನೆತನದ ಉಳಿದವರೂ ಸುಮ್ಮನಿರಲಿಲ್ಲ. ಇನ್ನಿಬ್ಬರು ಸೋದರರು ರೀಕ್ಲಾಕನ್ ಭಟ್ಟಿಮನೆಯ ಪಾಲುದಾರರು. ಸೋದರಿಯಾದ ಮೇರಿ ಮಿಚೆಲ್ ಡ್ರಮೋರ್ ಎಂಬ ಭಟ್ಟಿಮನೆಯನ್ನು ಸ್ಥಾಪಿಸಿದಳು. ಆರ್ಮರನ ಪುಸ್ತಕದಲ್ಲಿ ಕಾಣುವ ಹೆಂಗಸರನ್ನು ನೆನೆದರೆ ಇದು ಆಕಸ್ಮಿಕವೆನ್ನಿಸುವುದಿಲ್ಲ. ಆದರೂ ಮನೆತನದ ಕಥೆಗಳು ಮೇರಿಯನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತವೆ.

ಈ ಕಾಲದ ವ್ಯಾಪಾರದ ಸ್ವರೂಪವನ್ನು ತೋರಿಸುವ ಒಂದು ದಾಖಲೆ ಪ್ರಸಿದ್ಧವಾಗಿದೆ. ೧೮೩೮ರಲ್ಲಿ ಕಿಲ್ಮಾರ್ನಾಕ್ ಊರಿನ ಜಾನ್ ವಾಕರ್ ಎಂಬ ದಿನಸಿ ವರ್ತಕನು ಸ್ಪ್ರಿಂಗ್‌ಬ್ಯಾಂಕಿನಿಂದ ೧೧೮ ಗ್ಯಾಲನ್ ವಿಸ್ಕಿಯನ್ನು ಗ್ಯಾಲನ್ನಿಗೆ ೮ ಷಿಲಿಂಗ್ ೮ ಪೆನ್ನಿಯಂತೆ ಕೊಂಡನು. ಒಟ್ಟು ಸುಮಾರು ೫೧ ಪೌಂಡಿನ ವ್ಯಾಪಾರ. ಮುಂದೆ ಅದೇ ವರ್ತಕನ ಹೆಸರು ಜಗತ್ತಿನ ಮೂಲೆಮೂಲೆಗೂ ಹರಡಿತು, ಭಟ್ಟಿ ಇಳಿಸಿದವನ ಹೆಸರು ಊರ ಹೊರಗೆ ಯಾರಿಗೂ ತಿಳಿಯಲಿಲ್ಲ. ಈ ಅಂತರದಲ್ಲಿಯೇ ಕ್ಯಾಂಪ್‌ಬೆಲ್‌ಟೌನಿನ ಮುಂದಿನ ದುರ್ಗತಿಯ ಬೀಜವಿದೆಯೆಂಬುದು ನಮ್ಮ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅನೇಕ ಭಟ್ಟಿಗಳ ಸರಕನ್ನು, ಇತರ ಧಾನ್ಯಗಳಿಂದ ಯಂತ್ರದಲ್ಲಿ ಇಳಿಸಿದ ಅಗ್ಗದ ಮದ್ಯದೊಡನೆ ಬೆರೆಸಿ ಮಾರುವ ಪದ್ಧತಿ ಬೆಳೆಯಿತು. ಬೆರಸುವ ವರ್ತಕನೇ ಗಿರಾಕಿಯನ್ನು ಬಲ್ಲವನು. ಭಟ್ಟಿಯವನು ಬಲ್ಲದ್ದು ಆ ವರ್ತಕನನ್ನು ಮಾತ್ರ. ನಮ್ಮ ನೇಕಾರನಿಗೂ ನೂಲು ಕೊಟ್ಟು ಸೀರೆ ಕೊಳ್ಳುವ ಸಾಹುಕಾರನಿಗೂ ಇರುವ ಸಂಬಂಧವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

೧೮೭೨ರಲ್ಲಿ ಜಾನ್ ಮತ್ತು ವಿಲಿಯಂ ಸೋದರರು ಬೇರೆಯಾದರು. ಕುರಿಗಳ ವಿಷಯವಾಗಿ ಜಗಳವಾಯಿತೆಂದು ಐತಿಹ್ಯ. ವಿಲಿಯಂ ಹತ್ತಿರದಲ್ಲಿಯೇ ಗ್ಲೆನ್‌ಗೈಲ್ ಎಂಬ ತನ್ನದೇ ಭಟ್ಟಿಮನೆಯನ್ನು ಕಟ್ಟಿದನು. ಜಾನ್ ತನ್ನ ಮಗ ಅಲೆಗ್ಸಾಂಡರನನ್ನು ಜೊತೆಗೆ ಸೇರಿಸಿಕೊಂಡನು. ಇವರಿಬ್ಬರ ಹೆಸರುಗಳಿಂದಲೇ ೧೮೯೭ರಲ್ಲಿ ಜೆ. ಅಂಡ್ ಎ. ಮಿಚೆಲ್ ಕಂಪೆನಿ ರೂಪುಗೊಂಡಿತು. ಅಣ್ಣತಮ್ಮಂದಿರ ಹಿಸ್ಸೆಯಿಂದ ಮನೆತನದ ವ್ಯಾಪಾರಗಳು ಒಡೆಯುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ. ಮಿಚೆಲ್ಲರಲ್ಲಿ ಒಡೆದುದು ವ್ಯಾಪಾರವಲ್ಲ, ಪಾಲುದಾರಿಕೆ ಮಾತ್ರ. ಮೂಲದ ಭಟ್ಟಿ ತುಂಡಾಗಲಿಲ್ಲ.

ಪತನ ಬಂದುದು ಒಂದೇ ಏಟಿನಿಂದಲ್ಲ. ೧೮೯೮ರಲ್ಲಿ ಪ್ಯಾಟಿಸನ್ ಎಂಬ ದೊಡ್ಡ ವರ್ತಕ ಸಂಸ್ಥೆ ದಿವಾಳಿಯೆದ್ದು ಇಡೀ ಉದ್ಯಮದ ನಂಬಿಕೆಯನ್ನು ಕೆಡಿಸಿತು. ಮೊದಲನೆಯ ಮಹಾಯುದ್ಧದ ಮೊದಲು ಗ್ಯಾಲನ್ನಿಗೆ ೧೪ ಷಿಲಿಂಗ್ ೯ ಪೆನ್ನಿಯಾಗಿದ್ದ ಸುಂಕವು ೧೯೨೦ರಲ್ಲಿ ೭೨ ಷಿಲಿಂಗ್ ೬ ಪೆನ್ನಿಗೆ ಏರಿತು. ಅದೇ ವರ್ಷ ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂದು ೧೯೩೩ರ ವರೆಗೆ ನಡೆಯಿತು. ದೊಡ್ಡ ಬೆರಕೆ ಸಂಸ್ಥೆಗಳು ೧೯೨೫ರಲ್ಲಿ ಒಂದೇ ಕೂಟದಲ್ಲಿ ಸೇರಿದುದರಿಂದ ಕೊಳ್ಳುವವರ ಸಂಖ್ಯೆಯೇ ಇಳಿಯಿತು. ಅವರ ರುಚಿಯೂ ಬದಲಾಗಿ, ಕ್ಯಾಂಪ್‌ಬೆಲ್‌ಟೌನಿನ ದಪ್ಪನೆಯ, ಎಣ್ಣೆಗಂಪಿನ ವಿಸ್ಕಿಗಿಂತ ಸ್ಪೇ ನದಿಯ ಕಣಿವೆಯ ತಿಳಿಯಾದ ವಿಸ್ಕಿ ಅವರಿಗೆ ಹೆಚ್ಚು ಒಪ್ಪಿತವಾಯಿತು. ಇಪ್ಪತ್ತರ ದಶಕದ ಕೊನೆಗೆ ಇದ್ದಲ ಗಣಿಯೂ ಮುಚ್ಚಿತು. ಊರಿನ ಕೆಲವರು ಅಮೆರಿಕದ ಕಳ್ಳಪೇಟೆಯ ಆಸೆಗೆ ಕೀಳು ಸರಕನ್ನು ಇಳಿಸಿ ಹೆಸರು ಕೆಡಿಸಿಕೊಂಡರೆಂದೂ ಹೇಳುತ್ತಾರೆ. ಹೆರಿಂಗ್ ಮೀನು ತುಂಬಿದ್ದ ಪೀಪಾಯಿಗಳಲ್ಲಿ ವಿಸ್ಕಿ ತುಂಬುತ್ತಿದ್ದರೆಂಬ ಮಾತೂ ಉಂಟು. ಈ ಕೊನೆಯದನ್ನು ನಾವು ಪ್ರತಿಸ್ಪರ್ಧಿಗಳ ಹಾಸ್ಯವೆಂದೇ ಎಣಿಸುತ್ತೇವೆ. ಬಿದ್ದವನ ಮೇಲೆ ಕಲ್ಲೆಸೆಯುವವರಿಗೆ ಯಾವ ಕಾಲದಲ್ಲಿಯೂ ಕೊರತೆಯಿಲ್ಲ.

ಈ ಸಂದರ್ಭದಲ್ಲಿ ಒಂದು ಸಂಗತಿಯನ್ನು ಸ್ಮರಿಸಬೇಕು. ೧೯೨೦ರಲ್ಲಿ ಜಪಾನಿನ ಮಸಟಕ ಟಕೆತ್ಸುರು ಎಂಬ ತರುಣನು ತನ್ನ ಸ್ಕಾಟಿಷ್ ಪತ್ನಿ ರೀಟಳೊಡನೆ ಕ್ಯಾಂಪ್‌ಬೆಲ್‌ಟೌನಿಗೆ ಬಂದು ಹೇಜಲ್‌ಬರ್ನ್ ಭಟ್ಟಿಮನೆಯಲ್ಲಿ ಕಸುಬು ಕಲಿತನು. ಕಂಡುದನ್ನೆಲ್ಲ ಟಿಪ್ಪಣಿ ಬರೆದುಕೊಂಡು ತಾಯ್ನಾಡಿಗೆ ಮರಳಿದನು. ಮುಂದೆ ೧೯೩೪ರಲ್ಲಿ ಅವನು ಸ್ಥಾಪಿಸಿದ ಸಂಸ್ಥೆ ನಿಕ್ಕಾ ಎಂದು ಹೆಸರಾಯಿತು. ಗುರುಮನೆಯಾದ ಹೇಜಲ್‌ಬರ್ನ್ ೧೯೨೫ರಲ್ಲಿಯೇ ಮುಚ್ಚಿಹೋಗಿತ್ತು. ವಿದ್ಯೆ ಊರು ಬಿಟ್ಟು ಉಳಿಯಿತು, ಊರಿನಲ್ಲಿ ಅಳಿಯಿತು.

ಹಾಗಾದರೆ ಸ್ಪ್ರಿಂಗ್‌ಬ್ಯಾಂಕ್ ಉಳಿದುದು ಹೇಗೆ? ಮನೆತನದ ಒಡೆತನವೇ ಕಾರಣವೆನ್ನುವವರು ಒಂದು ಸರಳವಾದ ಆಕ್ಷೇಪಕ್ಕೆ ಉತ್ತರ ಹೇಳಬೇಕಾಗುತ್ತದೆ. ಅಳಿದುಹೋದ ಭಟ್ಟಿಮನೆಗಳಲ್ಲಿ ಹೆಚ್ಚಿನವೂ ಸ್ಥಳೀಯ ಮನೆತನಗಳ ಪಾಲುದಾರಿಕೆಗಳೇ ಆಗಿದ್ದುವು. ಮಿಚೆಲ್ಲರ ರಕ್ತವೇ ಇದ್ದ ರೀಕ್ಲಾಕನ್ ೧೯೩೪ರಲ್ಲಿ ಮುಚ್ಚಿತು. ವಿಲಿಯಮನ ಗ್ಲೆನ್‌ಗೈಲ್ ೧೯೧೯ರಲ್ಲಿ, ಊರಿನ ಹಲವು ಭಟ್ಟಿಗಳನ್ನು ಒಂದುಗೂಡಿಸಿದ ಕೂಟವೊಂದಕ್ಕೆ ಮಾರಲ್ಪಟ್ಟು ೧೯೨೫ರಲ್ಲಿ ನಿಂತಿತು. ಅದೇ ಮನೆತನ, ಅದೇ ನೀರು, ಅದೇ ಕಸುಬು. ಫಲ ಮಾತ್ರ ಬೇರೆ. ಸ್ಪ್ರಿಂಗ್‌ಬ್ಯಾಂಕ್ ಕೂಡ ಎಡೆಬಿಡದೆ ನಡೆಯಲಿಲ್ಲ. ೧೯೨೬ರಿಂದ ೧೯೩೩ರ ವರೆಗೆ ಅದರ ಒಲೆಯೂ ಆರಿತ್ತು. ವ್ಯತ್ಯಾಸವಿಷ್ಟೇ: ಮುಚ್ಚಿದಾಗ ಅದನ್ನು ಮಾರಲಿಲ್ಲ, ಹಂಡೆಗಳನ್ನು ಕಳಚಲಿಲ್ಲ. ಒಡೆಯರು ಕಾದರು. ಕಾಯುವ ಶಕ್ತಿಯೇ ಈ ಮನೆತನದ ಮೊದಲ ಮೌಲ್ಯವೆಂದು ನಾವು ಹೇಳಬಯಸುತ್ತೇವೆ. ಪಾಲುದಾರರಿಗೆ ವರ್ಷ ವರ್ಷ ಲಾಭ ಹಂಚಬೇಕಾದ ಕಂಪೆನಿಗೆ ಏಳು ವರ್ಷ ಕಾಯುವುದು ಕಷ್ಟ. ತನ್ನದೇ ಮನೆಯಲ್ಲಿ ತಾನೇ ಕುಳಿತವನಿಗೆ, ಸಾಲವಿಲ್ಲದಿದ್ದರೆ, ಅದು ಸಾಧ್ಯ. ಆದರೆ ಅದೃಷ್ಟದ ಪಾಲನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಕಾದವರೆಲ್ಲ ಉಳಿಯಲಿಲ್ಲ. ಉಳಿದವರ ಮಾತನ್ನು ಮಾತ್ರ ನಾವು ಕೇಳುತ್ತಿದ್ದೇವೆ.

ಎರಡನೆಯ ಮಹಾಯುದ್ಧದ ಅನಂತರದ ಚರಿತ್ರೆಯು ನಮ್ಮ ದೃಷ್ಟಿಯಲ್ಲಿ ಇನ್ನೂ ಮುಖ್ಯ. ಏಕೆಂದರೆ ಇಂದು ಸ್ಪ್ರಿಂಗ್‌ಬ್ಯಾಂಕ್ ಯಾವುದಕ್ಕೆ ಪ್ರಸಿದ್ಧವಾಗಿದೆಯೋ ಆ ಪದ್ಧತಿ ಅವಿಚ್ಛಿನ್ನವಾಗಿ ನಡೆದುಬಂದುದಲ್ಲ. ಬಾರ್ಲಿಯನ್ನು ತನ್ನ ನೆಲದ ಮೇಲೆಯೇ ಮೊಳಕೆ ಕಟ್ಟಿಸುವ ಕೆಲಸವನ್ನು ಈ ಭಟ್ಟಿಮನೆ ೧೯೬೦ರಲ್ಲಿ ನಿಲ್ಲಿಸಿತು. ಆ ಕಾಲಕ್ಕೆ ಸ್ಕಾಟ್ಲೆಂಡಿನಲ್ಲೆಲ್ಲ ದೊಡ್ಡ ಯಂತ್ರಾಗಾರಗಳಿಂದ ಮೊಳಕೆಧಾನ್ಯವನ್ನು ಕೊಳ್ಳುವ ಪದ್ಧತಿ ಹಬ್ಬುತ್ತಿತ್ತು. ೧೯೭೯ರಿಂದ ೧೯೮೭ರ ವರೆಗೆ ಭಟ್ಟಿಯೇ ನಿಂತುಹೋಯಿತು. ದೇಶದಲ್ಲಿ ವಿಸ್ಕಿ ಬೇಡಿಕೆಗಿಂತ ಹೆಚ್ಚಾಗಿ, ೧೯೮೩ರ ಸುಮಾರಿಗೆ ದೊಡ್ಡ ಕೂಟದವರೂ ತಮ್ಮ ಅನೇಕ ಭಟ್ಟಿಗಳನ್ನು ಮುಚ್ಚಿದ ಕಾಲವದು. ಮತ್ತೆ ಒಲೆ ಹೊತ್ತಿದ ಮೇಲೆ, ೧೯೯೨ರಲ್ಲಿ, ಮೊಳಕೆಯ ಅಟ್ಟವನ್ನು ಪುನಃ ತೆರೆಯಲಾಯಿತು. ಅಂದರೆ ಮೂವತ್ತೆರಡು ವರ್ಷ ಬಿಟ್ಟಿದ್ದ ಸಂಪ್ರದಾಯವನ್ನು, ಅದು ದುಬಾರಿಯೆಂದು ಎಲ್ಲರಿಗೂ ಗೊತ್ತಿದ್ದ ಕಾಲದಲ್ಲಿ, ಬುದ್ಧಿಪೂರ್ವಕವಾಗಿ ಮರಳಿ ತಂದರು. ಬಿಡದೆ ಇದ್ದುದಕ್ಕಿಂತ ಬಿಟ್ಟು ಮತ್ತೆ ಹಿಡಿದುದು ಹೆಚ್ಚು ಅರ್ಥವತ್ತಾದ ಕ್ರಿಯೆ. ಮೊದಲನೆಯದು ಅಭ್ಯಾಸವಿರಬಹುದು. ಎರಡನೆಯದು ಆಯ್ಕೆ.

ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಇಲ್ಲಿ ಅಗತ್ಯ, ಏಕೆಂದರೆ ಮೌಲ್ಯಗಳು ಮಾತಿನಲ್ಲಿರುವುದಕ್ಕಿಂತ ಕೆಲಸದಲ್ಲಿರುತ್ತವೆ. ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಮಕ್ಕಳಿಗೆ ಹಿಟ್ಟು ಮಾಡುವುದನ್ನು ಎಲ್ಲರೂ ಬಲ್ಲರು. ವಿಸ್ಕಿಯ ಮೊದಲ ಹಂತ ಇದೇ. ನೆನೆದ ಬಾರ್ಲಿಯನ್ನು ಕಲ್ಲುಹಾಸಿನ ಮೇಲೆ ಹರಡಿ, ಬೇರುಗಳು ಹೆಣೆದುಕೊಳ್ಳದಂತೆಯೂ ಕಾವು ಏರದಂತೆಯೂ ಹಗಲಿರುಳು ಮರದ ಸಲಿಕೆಗಳಿಂದ ತಿರುವಿಹಾಕುತ್ತಿರಬೇಕು. ಮೊಳಕೆ ಹದಕ್ಕೆ ಬಂದಾಗ ಅದನ್ನು ಗೂಡಿನಲ್ಲಿ ಒಣಗಿಸುತ್ತಾರೆ. ಸ್ಪ್ರಿಂಗ್‌ಬ್ಯಾಂಕ್ ಎಂಬ ಹೆಸರಿನ ವಿಸ್ಕಿಗೆ ಸುಮಾರು ೬ ಗಂಟೆ ಪೀಟಿನ ಹೊಗೆ, ಆಮೇಲೆ ಬಿಸಿಗಾಳಿ. ಲಾಂಗ್‌ರೋ ಎಂಬುದಕ್ಕೆ ೪೮ ಗಂಟೆಯವರೆಗೆ ಹೊಗೆ. ಹೇಜಲ್‌ಬರ್ನ್ ಎಂಬುದಕ್ಕೆ ಹೊಗೆಯೇ ಇಲ್ಲ. ಲಾಂಗ್‌ರೋವನ್ನು ೧೯೭೩ರಲ್ಲಿಯೂ ಹೇಜಲ್‌ಬರ್ನನ್ನು ೧೯೯೭ರಲ್ಲಿಯೂ ಮೊದಲು ಇಳಿಸಿದರು. ಎರಡೂ ಊರಿನಲ್ಲಿ ಮುಚ್ಚಿಹೋದ ಭಟ್ಟಿಮನೆಗಳ ಹೆಸರುಗಳೆಂಬುದು ಗಮನಾರ್ಹ. ಹೇಜಲ್‌ಬರ್ನ್ ಟಕೆತ್ಸುರು ಕಲಿತ ಮನೆಯೇ ಆಗಿದೆ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವಂತೆ ಇಲ್ಲಿ ಅಳಿದ ನೆರೆಮನೆಗಳ ಹೆಸರನ್ನು ಉಳಿದ ಮನೆ ತನ್ನ ಮಕ್ಕಳಿಗೆ ಇಟ್ಟಿದೆ.

ಹುಡಿಮಾಡಿದ ಧಾನ್ಯವನ್ನು ಬಿಸಿನೀರಿನಲ್ಲಿ ಕದಡುವ ಪಾತ್ರೆ ಎರಕದ ಕಬ್ಬಿಣದ್ದು, ಮುಚ್ಚಳವಿಲ್ಲದ್ದು, ನೂರು ವರ್ಷಕ್ಕೂ ಹಳೆಯದು. ಅದರಿಂದ ಬಸಿದ ಸಿಹಿನೀರನ್ನು ಮರದ ತೊಟ್ಟಿಗಳಲ್ಲಿ ಹುಳಿಯಲು ಬಿಡುತ್ತಾರೆ. ಬೇರೆ ಕಡೆ ಎರಡು ದಿನದಲ್ಲಿ ಮುಗಿಸುವ ಈ ಕೆಲಸಕ್ಕೆ ಇಲ್ಲಿ ನೂರು ಗಂಟೆಯವರೆಗೂ ಹಿಡಿಯಬಹುದು. ಭಟ್ಟಿ ಇಳಿಸಲು ಇರುವ ಹಂಡೆಗಳು ಮೂರು. ಮೊದಲನೆಯದಕ್ಕೆ ಈಗಲೂ ಕೆಳಗಿನಿಂದ ನೇರವಾಗಿ ಬೆಂಕಿ ಕೊಡುತ್ತಾರೆ. ಸ್ಪ್ರಿಂಗ್‌ಬ್ಯಾಂಕ್ ವಿಸ್ಕಿಯನ್ನು ಎರಡೂವರೆ ಸಲ ಇಳಿಸುತ್ತಾರೆಂಬ ಮಾತು ವಿಚಿತ್ರವಾಗಿ ಕೇಳಿಸೀತು. ಅದರ ಅರ್ಥವಿಷ್ಟೇ: ಮೊದಲ ಇಳಿತದ ಬಹುಭಾಗವನ್ನು ಎರಡನೆಯ ಹಂಡೆಗೆ ಹಾಯಿಸಿ, ಅದರಿಂದ ಬಂದುದನ್ನು ಮೊದಲ ಇಳಿತದ ಉಳಿದ ಭಾಗದೊಡನೆ ಮೂರನೆಯ ಹಂಡೆಗೆ ಸೇರಿಸುತ್ತಾರೆ. ಹೀಗೆ ಒಂದು ಪಾಲು ಮೂರು ಸಲವೂ ಇನ್ನೊಂದು ಪಾಲು ಎರಡು ಸಲವೂ ಇಳಿದಂತಾಗುತ್ತದೆ. ಆಮೇಲೆ ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿಸುವುದೂ, ಬಣ್ಣ ಬೆರಸದೆ, ತಣ್ಣಗೆ ಮಾಡಿ ಸೋಸದೆ ಸೀಸೆಗೆ ತುಂಬುವುದೂ ಅದೇ ಆವರಣದಲ್ಲಿ ನಡೆಯುತ್ತವೆ. ಮೊಳಕೆಯಿಂದ ಸೀಸೆಯವರೆಗೆ ಎಲ್ಲವನ್ನೂ ಒಂದೇ ಮನೆಯಲ್ಲಿ ಪೂರೈಸುವುದು ಸ್ಕಾಟ್ಲೆಂಡಿನಲ್ಲಿ ಅತಿ ವಿರಳ.

ಆಧುನಿಕ ಭಟ್ಟಿಮನೆಯೊಂದನ್ನು ಗಣಕಯಂತ್ರದ ಮುಂದೆ ಕುಳಿತ ಕೆಲವೇ ಜನ ನಡೆಸಬಲ್ಲರು. ಇಲ್ಲಿ ಸಲಿಕೆ ಹಿಡಿಯುವವನಿಂದ ಚೀಟಿ ಅಂಟಿಸುವವನ ವರೆಗೆ, ಇಳಿಸುವ ಮದ್ಯದ ಪ್ರಮಾಣಕ್ಕೆ ಹೋಲಿಸಿದರೆ ಕೆಲಸಗಾರರು ಅಸಾಧಾರಣವಾಗಿ ಹೆಚ್ಚು. ಗಣಿ ಮುಚ್ಚಿ, ಮೀನುಗಾರಿಕೆ ಇಳಿದು, ಹಡಗುಕಟ್ಟೆ ನಿಂತುಹೋದ ಒಂದು ಮೂಲೆಯೂರಿನಲ್ಲಿ ಇದರ ಅರ್ಥವೇನೆಂಬುದನ್ನು ಯೋಚಿಸಬೇಕು. ಕೈಕೆಲಸದ ಗುಣಕ್ಕಾಗಿ ಜನರನ್ನು ಇಟ್ಟುಕೊಂಡರೋ, ಜನರಿಗೆ ಕೆಲಸವಿರಲೆಂದು ಕೈಕೆಲಸವನ್ನು ಇಟ್ಟುಕೊಂಡರೋ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಕ್ಕಲಾರದು. ಬಹುಶಃ ಒಡೆಯರು ಅದನ್ನು ಬೇರೆ ಬೇರೆಯಾಗಿ ಕೇಳಿಕೊಂಡಿರಲಿಕ್ಕಿಲ್ಲ. ಒಂದು ಸಂಗತಿ ಮಾತ್ರ ಸ್ಪಷ್ಟ. ಬೆರಕೆ ವರ್ತಕನಿಗೆ ಪೀಪಾಯಿಗಟ್ಟಲೆ ಮಾರಿದ್ದರೆ ಈ ವೆಚ್ಚ ಎಂದಿಗೂ ಗಿಟ್ಟುತ್ತಿರಲಿಲ್ಲ. ೧೯೭೨ರಲ್ಲಿ ಈ ಕಂಪೆನಿಯು ೧೮೪೨ರಿಂದ ವಿಸ್ಕಿಯನ್ನು ಸೀಸೆಗೆ ತುಂಬಿ ಮಾರುತ್ತಿದ್ದ ಕ್ಯಾಡನ್‌ಹೆಡ್ ಎಂಬ ವರ್ತಕ ಸಂಸ್ಥೆಯನ್ನು ಕೊಂಡಿತು. ತನ್ನ ಸರಕನ್ನು ತನ್ನ ಹೆಸರಿನಲ್ಲಿಯೇ ಕುಡಿಯುವವನಿಗೆ ಮುಟ್ಟಿಸುವ ದಾರಿ ಆಗ ಇನ್ನಷ್ಟು ತೆರೆಯಿತು. ೧೮೩೮ರಲ್ಲಿ ವಾಕರನಿಗೆ ಮಾರುವಾಗ ಇದ್ದ ಅಂತರ ಮುಚ್ಚಿದುದು ಹೀಗೆ. ಕಸುಬಿನ ಗುಣವನ್ನು ಹೊಗಳುವವರು ಈ ವ್ಯಾಪಾರದ ಮಗ್ಗುಲನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಮಾರುವ ದಾರಿ ಕೈಯಲ್ಲಿಲ್ಲದ ಕುಶಲಿಗೆ ಗುಣವನ್ನು ಕಾಪಾಡಿಕೊಳ್ಳುವ ಸ್ವಾತಂತ್ರ್ಯವೂ ಇರುವುದಿಲ್ಲ.

ಇಪ್ಪತ್ತನೆಯ ಶತಮಾನದ ಕೊನೆಗೆ ಮನೆತನದ ಐದನೆಯ ತಲೆಯವರಾದ ಹೆಡ್ಲಿ ರೈಟ್ ಕಂಪೆನಿಯ ಮುಖ್ಯಸ್ಥರಾಗಿದ್ದರು. ಆಗ ಒಂದು ಹೊಸ ತೊಡಕು ಎದ್ದಿತು. ವಿಸ್ಕಿಯ ಪ್ರದೇಶಗಳನ್ನು ಗುರುತಿಸುವಾಗ ಕ್ಯಾಂಪ್‌ಬೆಲ್‌ಟೌನನ್ನು ಪ್ರತ್ಯೇಕ ಪ್ರದೇಶವೆಂದು ಎಣಿಸಲು ಅಲ್ಲಿ ಸಾಕಷ್ಟು ಭಟ್ಟಿಮನೆಗಳಿಲ್ಲವೆಂಬ ವಾದ ಕೇಳಿಬಂದಿತು. ತಗ್ಗುನಾಡಿನಲ್ಲಿ ಮೂರಿವೆ, ಅದು ಪ್ರದೇಶವೆನಿಸಿದೆ, ಹಾಗಾದರೆ ನಮ್ಮಲ್ಲಿಯೂ ಮೂರಾಗಲಿ ಎಂದು ರೈಟ್ ತೀರ್ಮಾನಿಸಿದರೆಂದು ಹೇಳುತ್ತಾರೆ. ತಮ್ಮ ಪೂರ್ವಜರ ಸೋದರನಾದ ವಿಲಿಯಂ ಕಟ್ಟಿದ್ದ ಗ್ಲೆನ್‌ಗೈಲಿನ ಕಟ್ಟಡವನ್ನು ೨೦೦೦ದಲ್ಲಿ ಅವರು ಕೊಂಡರು. ಈ ನಡುವೆ ಅದು ಬಂದೂಕು ಗುರಿಯ ಕೂಟಕ್ಕೂ ರೈತರ ಸರಕಿನ ಮಳಿಗೆಗೂ ಆಶ್ರಯವಾಗಿತ್ತು. ಮುಚ್ಚಿಹೋಗಿದ್ದ ಬೆನ್ ವೈವಿಸ್ ಎಂಬ ಭಟ್ಟಿಮನೆಯ ಹಂಡೆಗಳನ್ನು ತಂದು ಅಲ್ಲಿ ಹೂಡಿದರು. ೨೦೦೪ರಲ್ಲಿ ಭಟ್ಟಿ ಇಳಿಯಿತು. ಗ್ಲೆನ್‌ಗೈಲ್ ಎಂಬ ಹೆಸರು ವ್ಯಾಪಾರದಲ್ಲಿ ಬೇರೆಯವರ ಸ್ವತ್ತಾಗಿದ್ದುದರಿಂದ ವಿಸ್ಕಿಗೆ ಕಿಲ್ಕೆರನ್ ಎಂದು, ಊರಿನ ಪ್ರಾಚೀನ ನಾಮದಿಂದ, ಹೆಸರಿಟ್ಟರು. ಹನ್ನೆರಡು ವರ್ಷ ಮಾಗಿದ ಕಿಲ್ಕೆರನ್ ಪೇಟೆಗೆ ಬಂದುದು ೨೦೧೬ರಲ್ಲಿ. ಕ್ಯಾಂಪ್‌ಬೆಲ್‌ಟೌನನ್ನು ೨೦೦೯ರ ಸ್ಕಾಚ್ ವಿಸ್ಕಿ ನಿಯಮಗಳು ಸಂರಕ್ಷಿತ ಪ್ರದೇಶಗಳಲ್ಲಿ ಒಂದಾಗಿ ಗಣಿಸಿದುವು. ಒಂದು ಊರಿನ ಹೆಸರನ್ನು ಉಳಿಸುವುದಕ್ಕಾಗಿ, ಹನ್ನೆರಡು ವರ್ಷ ಕಳೆದ ಮೇಲೆ ಹೆಸರು ಪಡೆಯಬೇಕಾದ ಸರಕಿಗೆ ಹಣ ಹೂಡಿದ ಈ ಪ್ರಸಂಗವು, ೧೯೨೬ರಿಂದ ೧೯೩೩ರ ವರೆಗೆ ಕಾದ ಮನೆತನದ ಸ್ವಭಾವಕ್ಕೆ ಒಪ್ಪುವಂಥದೇ.

ಇದೇ ೨೦೦೪ರಲ್ಲಿ ನಮ್ಮ ನಾಡಿನ ಒಂದು ಮನೆತನವೂ ಸ್ಕಾಟ್ಲೆಂಡಿನ ಬಾಗಿಲನ್ನು ತಟ್ಟಿತೆಂಬುದನ್ನು ಇಲ್ಲಿ ಸೂಚಿಸಬಹುದು. ರಾಧಾಕೃಷ್ಣ ಜಗದಾಳೆಯವರು ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅಮೃತ್ ಸಂಸ್ಥೆಯು, ಅವರ ಮಗ ನೀಲಕಂಠರಾವ್ ಜಗದಾಳೆಯವರ ಕಾಲದಲ್ಲಿ, ತನ್ನ ಬಾರ್ಲಿ ವಿಸ್ಕಿಯನ್ನು ಆ ವರ್ಷದ ಆಗಸ್ಟ್ ತಿಂಗಳಲ್ಲಿ ಗ್ಲಾಸ್ಗೋ ನಗರದಲ್ಲಿ ಮೊದಲು ಬಿಡುಗಡೆ ಮಾಡಿತು. ಕ್ಯಾಂಪ್‌ಬೆಲ್‌ಟೌನಿನ ಹಳೆಯ ಪೇಟೆಯೇ ಅದು. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ನೂರಕ್ಕೆ ೨ ಪಾಲು ಆವಿಯಾಗಿ ಹೋದರೆ, ಬೆಂಗಳೂರಿನ ಹವೆಯಲ್ಲಿ ೧೦ರಿಂದ ೧೨ ಪಾಲು ಹೋಗುತ್ತದೆ. ಕಾಯುವುದೇ ಮೌಲ್ಯವೆಂದು ನಾವು ಮೇಲೆ ಹೇಳಿದ ಮಾತಿಗೆ ಹವೆಯ ಮಿತಿಯೂ ಉಂಟು. ಹನ್ನೆರಡು ವರ್ಷ ಕಾದರೆ ಬೆಂಗಳೂರಿನ ಪೀಪಾಯಿಯಲ್ಲಿ ನಾಲ್ಕನೆಯ ಒಂದು ಪಾಲೂ ಉಳಿಯುವುದು ಸಂಶಯ. ಈ ಸಂಸ್ಥೆಯ ಚರಿತ್ರೆ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದುದು. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಅದನ್ನು ಕೈಗೊಳ್ಳಲೆಂದು ಹಾರೈಸುತ್ತೇವೆ.

ಸ್ಪ್ರಿಂಗ್‌ಬ್ಯಾಂಕಿಗೆ ಮರಳೋಣ. ಇತ್ತೀಚಿನ ವರ್ಷಗಳಲ್ಲಿ ಅದರ ಕಷ್ಟ ಹಿಂದಿನದಕ್ಕೆ ತದ್ವಿರುದ್ಧವಾದುದು. ಮಾರಲಾಗದಿದ್ದ ಸರಕು ಈಗ ಸಾಲದಾಗಿದೆ. ಅಂಗಡಿಯಲ್ಲಿ ಕೊಂಡ ಸೀಸೆಗಳನ್ನು ಕುಡಿಯದೆ ಹರಾಜಿನಲ್ಲಿ ಹಲವು ಪಟ್ಟು ಬೆಲೆಗೆ ಮಾರುವ ಜನ ಹುಟ್ಟಿಕೊಂಡಿದ್ದಾರೆ. ಕೈಯಿಂದ ತಿರುವುವ ಮೊಳಕೆಯ ಅಟ್ಟಕ್ಕೆ ಒಂದು ಅಳತೆಯಿದೆ. ಉತ್ಪಾದನೆಯನ್ನು ಹೆಚ್ಚಿಸಬೇಕಾದರೆ ಮೊಳಕೆಧಾನ್ಯವನ್ನು ಹೊರಗಿನಿಂದ ಕೊಳ್ಳಬೇಕು, ಹಾಗೆ ಮಾಡಿದರೆ ೧೯೬೦ರ ತೀರ್ಮಾನಕ್ಕೆ ಮರಳಿದಂತಾಗುತ್ತದೆ. ಬಡತನದಲ್ಲಿ ಪದ್ಧತಿಯನ್ನು ಬಿಟ್ಟವರು ಸಮೃದ್ಧಿಯಲ್ಲಿ ಅದನ್ನು ಬಿಡದೆ ಇದ್ದಾರೆಂಬುದು, ನಮಗೆ ತೋರುವಂತೆ, ಈ ಚರಿತ್ರೆಯ ಅತ್ಯಂತ ಕುತೂಹಲಕರವಾದ ಭಾಗ.

ಹೆಡ್ಲಿ ರೈಟ್ ೨೦೨೩ರಲ್ಲಿ ನಿಧನರಾದರು. ಕಂಪೆನಿಯು ಹೊರಗಿನ ದೊಡ್ಡ ಸಂಸ್ಥೆಗಳ ಪಾಲಾಗದಂತೆ ಅದರ ಒಡೆತನವನ್ನು ನ್ಯಾಸಗಳ ವಶಕ್ಕೆ ಒಪ್ಪಿಸುವ ಏರ್ಪಾಡನ್ನು ಅವರು ಮಾಡಿದ್ದರು. ಇದರಿಂದ ಪರಿಭಾಷೆಯ ಒಂದು ಸಮಸ್ಯೆ ಏಳುತ್ತದೆ. ಒಡೆಯನಾಗಿ ಕುಳಿತ ಮಿಚೆಲ್ ವಂಶಜನಿಲ್ಲದೆ, ನ್ಯಾಸದ ಪತ್ರವೇ ಆ ಸ್ಥಾನದಲ್ಲಿರುವಾಗ, ಇದನ್ನು ಮನೆತನದ ಭಟ್ಟಿಮನೆಯೆಂದು ಎಷ್ಟರಮಟ್ಟಿಗೆ ಕರೆಯಬಹುದು? ನಮ್ಮ ದೇವಸ್ಥಾನದ ಮಾನ್ಯಗಳನ್ನೂ ಮಠಗಳ ದತ್ತಿಗಳನ್ನೂ ಅಧ್ಯಯನ ಮಾಡಿದವರಿಗೆ ಈ ಬಗೆಯ ಪತ್ರದ ಬಲವೂ ಗೊತ್ತು, ದೌರ್ಬಲ್ಯವೂ ಗೊತ್ತು. ದಾನಿಯ ಇಚ್ಛೆಯನ್ನು ಪತ್ರ ಹಿಡಿದಿಡುತ್ತದೆ. ಅದನ್ನು ಓದುವವರು ಮಾತ್ರ ಪ್ರತಿ ತಲೆಮಾರಿನಲ್ಲಿ ಹೊಸಬರು. ಮೊಳಕೆಯ ಅಟ್ಟವನ್ನು ೧೯೬೦ರಲ್ಲಿ ಮುಚ್ಚಿದವರೂ ೧೯೯೨ರಲ್ಲಿ ತೆರೆದವರೂ ಮನೆತನದ ಆಳ್ವಿಕೆಯಲ್ಲಿಯೇ ಇದ್ದವರು. ನ್ಯಾಸದ ಆಳ್ವಿಕೆಯಲ್ಲಿ ಅಂಥ ತೀರ್ಮಾನಗಳನ್ನು ಯಾರು, ಯಾವ ಕಾರಣದಿಂದ ಕೈಗೊಳ್ಳುವರೆಂಬುದನ್ನು ಮುಂದಿನ ದಾಖಲೆಗಳಿಂದಲೇ ತಿಳಿಯಬೇಕು. ಇಂದು ಪೀಪಾಯಿಗೆ ತುಂಬಿದ ಮದ್ಯ ಸೀಸೆಗೆ ಬರುವ ಹೊತ್ತಿಗೆ ಅವುಗಳಲ್ಲಿ ಕೆಲವಾದರೂ ಇತಿಹಾಸಕಾರರ ಕೈಗೆ ದೊರೆಯಬಹುದು.